ಹವಳದ ತೊಟ್ಟಿಯೂ ಮನೆಯ ಗಾಳಿಯೂ

ಗಾಜಿನ ತೊಟ್ಟಿಯೊಳಗೆ ಇರುವ ನೀರು ಬೆಳಗಿನಿಂದ ಬೆಳಗಿನವರೆಗೆ ಒಂದೇ ಸಮನಾಗಿರುವುದೆಂದು ನಂಬುವವರು ಬಹುಮಂದಿ. ಕಣ್ಣಿಗೆ ಕಾಣುವ ಮಟ್ಟಿಗೆ ಆ ನಂಬಿಕೆಯು ಸರಿಯೇ. ಬಣ್ಣವು ಬೇರೆಯಾಗುವುದಿಲ್ಲ, ವಾಸನೆಯು ಬೇರೆಯಾಗುವುದಿಲ್ಲ. ಆದರೆ ಆ ನೀರಿನಲ್ಲಿ ಹವಳದ ಜೀವಗಳು ವಾಸವಾಗಿದ್ದ ಪಕ್ಷದಲ್ಲಿ, ದೀಪ ಬೆಳಗುತ್ತಿರುವಾಗ ಅದರ ಗುಣವು ಒಂದು ಬಗೆ, ದೀಪವಾರಿದ ಮೇಲೆ ಇನ್ನೊಂದು ಬಗೆ. ಹಗಲು ಕ್ಷಾರವು ಏರುವುದು, ಇರುಳು ಇಳಿಯುವುದು. ಈ ಏರಿಳಿತವನ್ನು ನಾವು ಸುಮಾರು ಐದು ತಿಂಗಳ ಕಾಲ ಪ್ರತಿದಿನವೂ ಅಳೆದು ಬರೆದಿಟ್ಟಿರುವೆವು. ಆ ಲೆಕ್ಕದಿಂದ ತೊಟ್ಟಿಯ ಸಂಗತಿಯು ಮಾತ್ರವಲ್ಲದೆ, ಮನೆಯ ಸಂಗತಿಯೂ ಒಂದು ಹೊರಬಿದ್ದುದರಿಂದ, ಗೃಹಸ್ಥರಾದ ವಾಚಕರಿಗೆ ಅದನ್ನು ನಿವೇದಿಸುವುದು ಉಚಿತವೆಂದು ತೋರಿತು.

ನಾವು ಮೂವತ್ತು ವರ್ಷಕ್ಕೆ ಮೇಲ್ಪಟ್ಟು ಹೈಸ್ಕೂಲಿನಲ್ಲಿ ಸಂಸ್ಕೃತವನ್ನೂ ಕನ್ನಡವನ್ನೂ ಬೋಧಿಸಿ ನಿವೃತ್ತರಾದವರು. ರಸಾಯನಶಾಸ್ತ್ರವು ನಮ್ಮ ವಿದ್ಯೆಯಲ್ಲ. ನಮ್ಮ ಚಿರಂಜೀವಿಯು ಅಮೆರಿಕದ ಮಿಷಿಗನ್ ಸಂಸ್ಥಾನದಲ್ಲಿ, ಡೆಟ್ರಾಯಿಟ್ ನಗರದ ಹೊರವಲಯದಲ್ಲಿ ಸಂಸಾರ ಹೂಡಿರುವನು. ಸೊಸೆಯ ಬಾಣಂತಿತನಕ್ಕೆಂದು ನಾವೂ ನಮ್ಮ ಗೃಹಿಣಿಯೂ ಮೈಸೂರಿನಿಂದ ಹೊರಟು ನವೆಂಬರ್ ಮೊದಲಿನಲ್ಲಿ ಅಲ್ಲಿಗೆ ತಲಪಿದೆವು. ಗೃಹಿಣಿಗೆ ಕೈತುಂಬ ಕೆಲಸವಿತ್ತು: ಶಿಶುವಿಗೆ ಎಣ್ಣೆನೀರು, ಬಾಣಂತಿಗೆ ಮೆಣಸಿನ ಸಾರು, ಲೇಹ್ಯ, ಸಾಂಬ್ರಾಣಿಯ ಹೊಗೆ. ನಮಗೆ ಕೆಲಸವೆಂಬುದೇ ಇರಲಿಲ್ಲ. ತಿರುಗಾಡಿ ಬರೋಣವೆಂದರೆ ಹೊರಗೆ ಹಿಮ. ಮಾತನಾಡೋಣವೆಂದರೆ ಮಗನು ಹಗಲೆಲ್ಲ ಕಚೇರಿಯ ಕೆಲಸದಲ್ಲಿ ಮಗ್ನನು. ಹೀಗಿರಲು ಅವನೇ ಒಂದು ದಿನ, "ಅಣ್ಣ, ಈ ತೊಟ್ಟಿಯನ್ನು ನೀವು ಸ್ವಲ್ಪ ನೋಡಿಕೊಳ್ಳುವಿರಾ?" ಎಂದು ಕೇಳಿದನು. (ನಮ್ಮ ಮನೆತನದಲ್ಲಿ ತಂದೆಯನ್ನು ಅಣ್ಣನೆಂದೇ ಕರೆಯುವ ವಾಡಿಕೆ.) ನಾವು ಸಂತೋಷದಿಂದ ಒಪ್ಪಿಕೊಂಡೆವು.

ತೊಟ್ಟಿಯು ಸುಮಾರು 340 ಲೀಟರ್ ನೀರು ಹಿಡಿಯತಕ್ಕದ್ದು. ಶುದ್ಧವಾದ ನೀರಿಗೆ ಸಮುದ್ರಲವಣಗಳ ಮಿಶ್ರಣವನ್ನು ಕೂಡಿಸಿ, 1000 ಪಾಲಿಗೆ 35 ಪಾಲು ಉಪ್ಪಿರುವಂತೆ ಹದಮಾಡಿ ತುಂಬಿದ್ದರು. ಬೆಳಿಗ್ಗೆ 10 ಗಂಟೆಗೆ ನೀಲಿಯ ದೀಪಗಳು ಮೆಲ್ಲನೆ ಬೆಳಗತೊಡಗಿ, ಮಧ್ಯಾಹ್ನ ಪೂರ್ಣವಾಗಿ, ರಾತ್ರಿ 9ಕ್ಕೆ ಆರಿಹೋಗುವುವು. ಒಳಗೆ ಹತ್ತಿಪ್ಪತ್ತು ಹವಳದ ಗೊಂಚಲುಗಳು. ಇವುಗಳನ್ನು ಸಮುದ್ರದಿಂದ ಕಿತ್ತು ತಂದುದಲ್ಲ. ಈ ಹವ್ಯಾಸವುಳ್ಳವರು ತಮ್ಮ ತೊಟ್ಟಿಯಲ್ಲಿ ಬೆಳೆದ ಕೊಂಬೆಯನ್ನು ಕತ್ತರಿಸಿ, ನಾವು ದಾಸವಾಳದ ಕಡ್ಡಿಯನ್ನು ನೆರೆಮನೆಗೆ ಕೊಡುವಂತೆ ಒಬ್ಬರಿಗೊಬ್ಬರು ಕೊಡುವರು. ನಮ್ಮ ದೇಶದಲ್ಲಿ ಗಟ್ಟಿ ಹವಳಗಳೆಲ್ಲವೂ 1972ರ ವನ್ಯಜೀವಿ ಸಂರಕ್ಷಣೆಯ ಕಾಯಿದೆಯ ಮೊದಲನೆಯ ಅನುಸೂಚಿಯಲ್ಲಿ ಸೇರಿವೆ. ಮುರ್ಡೇಶ್ವರದ ಎದುರಿಗಿರುವ ನೇತ್ರಾಣಿ ದ್ವೀಪದ ಬಳಿ ನೀರಿನೊಳಗೆ ಮುಳುಗಿ ಅವುಗಳನ್ನು ನೋಡಿ ಬರಬಹುದು, ತರುವಂತಿಲ್ಲ.

ಹವಳಕ್ಕೆ ಸಂಸ್ಕೃತದಲ್ಲಿ 'ವಿದ್ರುಮ', 'ಪ್ರವಾಳ' ಎಂಬ ಹೆಸರುಗಳು ಅಮರಕೋಶದಲ್ಲಿಯೇ ಇವೆ. 'ಪ್ರವಾಳ'ವೆಂದರೆ ಚಿಗುರೆಂತಲೂ ಅರ್ಥ. ಇದನ್ನು ನಾವು ವಿದ್ಯಾರ್ಥಿಗಳಿಗೆ ಎಷ್ಟೋ ಬಾರಿ ಹೇಳಿದ್ದುಂಟು. ಬಣ್ಣದ ಸಾಮ್ಯದಿಂದ ಬಂದ ಹೆಸರೆಂದು ವಿವರಿಸಿದ್ದೂ ಉಂಟು. ಆ ತೊಟ್ಟಿಯ ಮುಂದೆ ಕುಳಿತಾಗ ಆ ಪದದಲ್ಲಿ ಇನ್ನೊಂದು ಸ್ವಾರಸ್ಯವು ಕಂಡಿತು. ಹವಳವು ಪ್ರಾಣಿ, ಆದರೆ ಬಿಸಿಲು ಬೀಳುವ ಕಡಲುಗಳ ಹವಳದ ಮಾಂಸದೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿಯ ಕಣಗಳು ಲಕ್ಷಾಂತರವಾಗಿ ಮನೆಮಾಡಿಕೊಂಡಿವೆ. ಹಗಲಿನಲ್ಲಿ ಅವು ಗಿಡದ ಎಲೆಗಳು ಮಾಡುವ ಕೆಲಸವನ್ನೇ ಮಾಡಿ, ತಯಾರಿಸಿದ ಆಹಾರದ ಬಹುಪಾಲನ್ನು ಮನೆಯೊಡೆಯನಾದ ಹವಳಕ್ಕೆ ಒಪ್ಪಿಸುವುವು. ಚಿಗುರೂ ಹವಳವೂ ಒಂದೇ ದೇಹದಲ್ಲಿ! ಆಭರಣದಲ್ಲಿ ಕಟ್ಟಿಸುವ ಕೆಂಪು ಹವಳವು ಮಾತ್ರ ಬೇರೆ ಜಾತಿ. ಅದು ಮಬ್ಬುಬೆಳಕಿನಲ್ಲಿ ಬೆಳೆಯತಕ್ಕದ್ದು, ಅದರಲ್ಲಿ ಈ ಪಾಚಿ ಇರುವುದಿಲ್ಲ. ಇರಲಿ, ಪ್ರಕೃತವನ್ನು ಅನುಸರಿಸೋಣ.

ನೀರಿನ ಆಮ್ಲಕ್ಷಾರಗಳ ಪ್ರಮಾಣವನ್ನು ಪಿಎಚ್ ಎಂಬ ಅಂಕದಿಂದ ಹೇಳುವರು. ಕ್ಷಾರವನ್ನು ಮೃದು, ಮಧ್ಯ, ತೀಕ್ಷ್ಣವೆಂದು ಸುಶ್ರುತಸಂಹಿತೆಯು ಮೂರಾಗಿ ವಿಂಗಡಿಸಿರುವುದಲ್ಲದೆ, ಕ್ಷಾರದ ಉರಿಯನ್ನು ಹುಳಿದ್ರವ್ಯವು ಶಮನಮಾಡುವುದೆಂಬುದನ್ನೂ ಹೇಳಿದೆ. ಅದಕ್ಕೆ ಅಂಕದ ರೂಪ ಕೊಟ್ಟವನು ಡೆನ್ಮಾರ್ಕಿನ ಸೋರೆನ್‌ಸನ್ ಎಂಬ ವಿದ್ವಾಂಸನು, 1909ರಲ್ಲಿ. ಏಳು ಎಂದರೆ ಸಮ; ಏಳಕ್ಕೆ ಕೆಳಗೆ ಆಮ್ಲ, ಮೇಲೆ ಕ್ಷಾರ. ಈ ಅಂಕಗಳು ಮೊಳದ ಗುರುತುಗಳಂತೆ ಸಮದೂರದವಲ್ಲ. ಒಂದು ಅಂಕ ಇಳಿದರೆ ಆಮ್ಲತ್ವವು ಹತ್ತರಷ್ಟು ಹೆಚ್ಚುವುದು, 0.3 ಇಳಿದರೆ ಎರಡರಷ್ಟು. ಆದುದರಿಂದ 8.1 ಎಲ್ಲಿ, 7.8 ಎಲ್ಲಿ, ಅಲ್ಪವೇ ಅಲ್ಲವೇ ಎಂದು ಉದಾಸೀನ ಮಾಡಲಾಗದು. ಗಾಜಿನ ತುದಿಯುಳ್ಳ ಒಂದು ಕಡ್ಡಿಯನ್ನು ನೀರಿನಲ್ಲಿ ಇಳಿಬಿಟ್ಟು, ಅದಕ್ಕೆ ತಂತಿಯಿಂದ ಕೂಡಿಸಿದ ಮೀಟರಿನಲ್ಲಿ ಈ ಅಂಕವನ್ನು ಓದುವುದು. ತಿಂಗಳಿಗೊಮ್ಮೆ 7 ಮತ್ತು 10ರ ದ್ರಾವಣಗಳಲ್ಲಿ ಅದ್ದಿ ಸರಿಪಡಿಸದಿದ್ದರೆ ಆ ಕಡ್ಡಿಯು ಸುಳ್ಳು ಹೇಳುವುದು.

ನಾವು ಒಂದು ನೋಟ್‌ಬುಕ್ಕಿನಲ್ಲಿ ಗೆರೆ ಹಾಕಿ, ದಿನಕ್ಕೆ ಆರು ಸಲ ಅಂಕವನ್ನು ಬರೆಯತೊಡಗಿದೆವು. ಮೊದಲನೆಯ ವಾರದಲ್ಲಿಯೇ ಕ್ರಮವು ಗೋಚರವಾಯಿತು. ದೀಪ ಬೆಳಗುವುದಕ್ಕೆ ಮುಂಚೆ 7.78, ಮಧ್ಯಾಹ್ನಕ್ಕೆ 7.9, ರಾತ್ರಿ ದೀಪವಾರುವ ಮುಂಚೆ 8.05, ಆ ಮೇಲೆ ಇಳಿಮುಖ. ಕಾರಣವು ಸರಳವಾದುದು. ನಮ್ಮ ಕಾಲದ ಹಿರಿಯರು ಅಂಗಾರಾಮ್ಲವಾಯುವೆಂದು ಕರೆಯುತ್ತಿದ್ದ, ಈಗಿನ ಪಾಠಪುಸ್ತಕಗಳು ಇಂಗಾಲದ ಡೈಆಕ್ಸೈಡ್ ಎಂದು ಕರೆಯುವ ವಾಯುವು ನೀರಿನಲ್ಲಿ ಕರಗಿ ಸೌಮ್ಯವಾದ ಒಂದು ಆಮ್ಲವಾಗುವುದು. ಬೆಳಕಿರುವಾಗ ಹವಳದೊಳಗಣ ಪಾಚಿಯು ಆ ವಾಯುವನ್ನು ಹೀರಿಕೊಂಡು ಆಹಾರ ಮಾಡುವುದರಿಂದ ಆಮ್ಲವು ಕಡಮೆಯಾಗಿ ಅಂಕವು ಏರುತ್ತದೆ. ಕತ್ತಲೆಯಾದೊಡನೆ ಹೀರುವ ಕೆಲಸ ನಿಂತಿತು; ಉಸಿರಾಡುವ ಕೆಲಸವು ಮಾತ್ರ ನಿಲ್ಲದು. ಹವಳ, ಮೀನು, ಶಂಖದ ಹುಳು, ಕಲ್ಲಿನ ಸಂದಿಯ ಸೂಕ್ಷ್ಮಜೀವಿಗಳು, ಪಾಚಿಯೇ ಸಹ, ಎಲ್ಲವೂ ಆ ವಾಯುವನ್ನು ಬಿಡುತ್ತಲೇ ಇರುವುವು. ರಾತ್ರಿಯ ಕೊನೆಯ ಜಾವದ ಹೊತ್ತಿಗೆ ಅದು ಕೂಡಿಕೊಂಡು ಅಂಕವು ತಳ ಮುಟ್ಟುತ್ತದೆ.

ಇದು ರೋಗವಲ್ಲ. ಆಸ್ಟ್ರೇಲಿಯಾದ ಹೆರಾನ್ ದ್ವೀಪದ ಆಳವಿಲ್ಲದ ಹವಳದ ದಿಬ್ಬಗಳಲ್ಲಿ ಹಗಲಿರುಳಿನ ಏರಿಳಿತವು ಕೆಲವು ದಿನ ನಮ್ಮ ತೊಟ್ಟಿಯದಕ್ಕಿಂತಲೂ ಹೆಚ್ಚೆಂದು ವಿಜ್ಞಾನಿಗಳು ಅಳೆದಿರುವರು. ಆದರೆ ನಮ್ಮ ಮಗನಿಗೆ ಸಮಾಧಾನವಿಲ್ಲ. ಅವನ ಮನಸ್ಸಿನಲ್ಲಿ 8.3 ಎಂಬ ಅಂಕವು ನಾಟಿಕೊಂಡಿತ್ತು. ಅದಕ್ಕಾಗಿ ಅವನು ಅಂಗಡಿಯಿಂದ ಕ್ಷಾರದ ಪುಡಿಯ ಡಬ್ಬಿಯನ್ನು ತಂದು, ಬೆಳಿಗ್ಗೆ ಎದ್ದೊಡನೆ ಒಂದೊಂದು ಚಮಚ ಕರಗಿಸಿ ಹುಯ್ಯುತ್ತಿದ್ದನು. ಹುಯ್ದ ಗಳಿಗೆಯಲ್ಲಿ ಅಂಕವು ಹಾರುವುದು. ಮಾರನೆಯ ಬೆಳಿಗ್ಗೆ ನೋಡಿದರೆ ಹೆಚ್ಚುಕಡಮೆ ಮೊದಲಿನ ಸ್ಥಳದಲ್ಲಿಯೇ ಇರುವುದು. ಮತ್ತೆ ಒಂದು ಚಮಚ. ಹೀಗೆ ಮಾಡಿದುದರಿಂದ ಪಿಎಚ್ ನಿಲ್ಲಲಿಲ್ಲ. ನೀರಿನ ಕ್ಷಾರಬಲವೆಂಬ ಬೇರೊಂದು ಅಂಶವು ಮಾತ್ರ ಒಂದೇ ಸಮನೆ ಏರುತ್ತ ಬಂದಿತು. ಜರ್ಮನ್ ಅಳತೆಯಲ್ಲಿ ಸಮುದ್ರದ ನೀರಿಗೆ ಅದು ಸುಮಾರು 7. ತೊಟ್ಟಿಯಲ್ಲಿ 8 ಇದ್ದುದು ಡಿಸೆಂಬರ್ ಕೊನೆಗೆ 11.5 ಆಗಿತ್ತು. ನೀರು ಕಾಯಿಸುವ ಸರಳಿಗೆ ಹಂಡೆಯ ಒಳಮೈಗೆ ಹತ್ತುವಂತಹ ಬಿಳಿಯ ಕರೆ ಹತ್ತಿತು. ಸುತ್ತಿಗೆ ಹವಳವೆಂಬ ಒಂದು ಗೊಂಚಲಿತ್ತು. ಅದರ ಬೆರಳುಗಳ ತುದಿ ಪುಟ್ಟ ಸುತ್ತಿಗೆಯಂತಿರುವುದರಿಂದ ಆ ಹೆಸರು. ಅದರ ಒಂಬತ್ತು ತಲೆಗಳಲ್ಲಿ ಎರಡರ ಮಾಂಸವು ಕುಗ್ಗಿ, ಬಿಳಿಯ ಎಲುಬು ಹೊರಗೆ ಕಾಣಿಸಿಕೊಂಡಿತು. ಆ ಗೊಂಚಲನ್ನು ಮಗನೂ ಸೊಸೆಯೂ ಮದುವೆಯಾದ ಹೊಸತರಲ್ಲಿ ಎರಡು ತಲೆಗಳ ತುಂಡಾಗಿ ತಂದು ಬೆಳೆಸಿದ್ದರಂತೆ. ಸೊಸೆಯು ಮಗುವನ್ನೆತ್ತಿಕೊಂಡು ಬಂದು ದಿನವೂ ಅದನ್ನು ನೋಡಿ ಏನೂ ಮಾತನಾಡದೆ ಹೋಗುವಳು.

ನಾವು ನೋಟ್‌ಬುಕ್ಕನ್ನು ಮಗನ ಮುಂದಿಟ್ಟು, "ಪುಡಿ ಹಾಕಿದ ದಿನಕ್ಕೂ ಹಾಕದ ದಿನಕ್ಕೂ ಮಾರನೆಯ ಬೆಳಿಗ್ಗೆ ಏನು ವ್ಯತ್ಯಾಸ, ತೋರಿಸು" ಎಂದೆವು. ಅವನು ಪುಟಗಳನ್ನು ತಿರುವಿಹಾಕಿ, ಮಾತಿಲ್ಲದೆ ಡಬ್ಬಿಯನ್ನು ಕಪಾಟಿನಲ್ಲಿಟ್ಟನು. ಕ್ಷಾರಬಲವು ಹಿಂದಿನ ಮಟ್ಟಕ್ಕೆ ಇಳಿಯಲು ಮೂರು ವಾರ ಬೇಕಾಯಿತು. ಆದರೂ ಪ್ರಶ್ನೆಯು ಉಳಿಯಿತು: ಏರಿಳಿತವು ಸಹಜವೆಂದೊಪ್ಪಿದರೂ, ಬೇಸಗೆಯಲ್ಲಿ ಇದೇ ತೊಟ್ಟಿಯಲ್ಲಿ 8.0 ಮತ್ತು 8.3ರ ನಡುವೆ ಆಡುತ್ತಿದ್ದ ಅಂಕವು ಚಳಿಗಾಲದಲ್ಲಿ ಮೊದಲಿನಿಂದ ಕೊನೆಯವರೆಗೆ ಒಂದು ಮೆಟ್ಟಿಲು ಕೆಳಗಿಳಿದುದೇಕೆ?

ಇದಕ್ಕೆ ಉತ್ತರವು ಸಂಕ್ರಾಂತಿಯ ದಿನ ದೊರಕಿತು. ಆ ಪ್ರಾಂತದ ಕನ್ನಡಿಗರ ಸಂಸಾರಗಳು ಆರೇಳು ನಮ್ಮ ಮನೆಯಲ್ಲಿ ಕೂಡಿದ್ದವು. ಮಕ್ಕಳೂ ಸೇರಿ ಇಪ್ಪತ್ತೆರಡು ಮಂದಿ. ಎಳ್ಳುಬೆಲ್ಲ, ಹುಗ್ಗಿ, ಅಡಿಗೆಯ ಮನೆಯಲ್ಲಿ ಮೂರು ಗ್ಯಾಸ್ ಒಲೆಗಳು. ಹೊರಗೆ ನೀರು ಕಲ್ಲಾಗುವ ಚಳಿಯಾದುದರಿಂದ ಒಂದು ಕಿಟಕಿಯೂ ತೆರೆದಿರಲಿಲ್ಲ. ಸಂಜೆ 6 ಗಂಟೆಗೆ ಅಭ್ಯಾಸಬಲದಿಂದ ಮೀಟರನ್ನು ನೋಡಿದೆವು. ದೀಪಗಳು ಪೂರ್ಣವಾಗಿ ಬೆಳಗುತ್ತಿವೆ, ಅಂಕವು 8ನ್ನು ದಾಟಿರಬೇಕಾದ ಹೊತ್ತು, ಇದ್ದುದು 7.86! ರಾತ್ರಿ ಹತ್ತೂವರೆಯ ಹೊತ್ತಿಗೆ ಅತಿಥಿಗಳೆಲ್ಲ ಹೊರಟುಹೋಗಿದ್ದರು; ಬೀಳ್ಕೊಡುವ ಸಂಭ್ರಮದಲ್ಲಿ ಬಾಗಿಲು ಅರ್ಧ ಗಂಟೆಯ ಕಾಲ ತೆರೆದೇ ಇತ್ತು. ಆಗ ದೀಪ ಆರಿದ್ದರೂ ಅಂಕವು ಇಳಿಯುವುದಕ್ಕೆ ಬದಲಾಗಿ 7.92ಕ್ಕೆ ಏರಿತ್ತು. ಹಗಲಿನಲ್ಲಿ ಇಳಿತ, ಇರುಳಿನಲ್ಲಿ ಏರಿಕೆ. ಎರಡು ತಿಂಗಳ ಲೆಕ್ಕದಲ್ಲಿ ಒಮ್ಮೆಯೂ ಕಾಣದ ವಿಪರ್ಯಾಸ. ದೀಪವಲ್ಲದ ಇನ್ನೊಂದು ಕಾರಣವು ಇದ್ದೇ ಇರಬೇಕೆಂಬುದು ನಿಶ್ಚಯವಾಯಿತು.

ಮಾರನೆಯ ದಿನ ಎರಡು ಗಾಜಿನ ಲೋಟಗಳಲ್ಲಿ ತೊಟ್ಟಿಯ ನೀರನ್ನು ತೆಗೆದುಕೊಂಡೆವು. ಒಂದರಲ್ಲಿ ಸಣ್ಣ ಪಂಪಿನಿಂದ ಕೋಣೆಯ ಗಾಳಿಯನ್ನೇ ಗುಳ್ಳೆಗುಳ್ಳೆಯಾಗಿ ಹಾಯಿಸಿದೆವು. ಇನ್ನೊಂದಕ್ಕೆ ಪಂಪನ್ನು ಕಿಟಕಿಯ ಹೊರಗಿಟ್ಟು, ಕೊಳವೆಯನ್ನು ಮಾತ್ರ ಒಳಗೆ ತಂದು, ಹೊರಗಿನ ಗಾಳಿಯನ್ನು ಹಾಯಿಸಿದೆವು. ಒಂದೂವರೆ ಗಂಟೆಯಾದ ಮೇಲೆ ಅಳೆದರೆ, ಮೊದಲನೆಯದರಲ್ಲಿ 7.9, ಎರಡನೆಯದರಲ್ಲಿ 8.21. ನೀರು ಅದೇ, ಉಪ್ಪು ಅದೇ, ವ್ಯತ್ಯಾಸವು ಗಾಳಿಯದು. ತೊಟ್ಟಿಯ ಹಿಂದೆ ನೀರಿಗೆ ಗಾಳಿ ಬೆರೆಸಿ ನೊರೆಯೆಬ್ಬಿಸಿ ಕಲ್ಮಷವನ್ನು ತೆಗೆಯುವ ಒಂದು ಯಂತ್ರವುಂಟು. ಅದು ಹಗಲಿರುಳೂ ಮನೆಯ ಗಾಳಿಯನ್ನು ಸೇದಿ ನೀರಿಗೆ ಉಣಿಸುತ್ತಿತ್ತು. ಮನೆಯವರು ಬಿಟ್ಟ ಉಸಿರೂ ಒಲೆಯ ಉರಿಯಿಂದ ಹುಟ್ಟಿದ ವಾಯುವೂ ಮುಚ್ಚಿದ ಮನೆಯಲ್ಲಿ ಕೂಡಿಕೊಂಡು ಅದರ ಮೂಲಕ ತೊಟ್ಟಿಯನ್ನು ಸೇರುತ್ತಿದ್ದವು.

ನಮ್ಮ ಶಾಲೆಯ ವಿಜ್ಞಾನದ ಉಪಾಧ್ಯಾಯರು ಹುಡುಗರಿಂದ ಸುಣ್ಣದ ತಿಳಿನೀರಿನೊಳಕ್ಕೆ ಕೊಳವೆಯ ಮೂಲಕ ಉಸಿರೂದಿಸಿ, ಅದು ಹಾಲಿನಂತೆ ಬೆಳ್ಳಗಾಗುವುದನ್ನು ಪ್ರತಿವರ್ಷವೂ ತೋರಿಸುತ್ತಿದ್ದರು. ಪಕ್ಕದ ಕೊಠಡಿಯಲ್ಲಿ ನಾವು ಶಬ್ದಮಂಜರಿಯನ್ನು ಒಪ್ಪಿಸುತ್ತಿರುವಾಗ ಹುಡುಗರ ಉದ್ಗಾರವು ಕೇಳಿಸುತ್ತಿತ್ತು. ಅದೇ ಪ್ರಯೋಗವು ಮಗನ ಮನೆಯಲ್ಲಿ ತಿಂಗಳುಗಟ್ಟಲೆ ನಡೆದಿತ್ತೆನ್ನಬೇಕು.

ಮಗನು ಗಾಳಿಯಲ್ಲಿನ ಆ ವಾಯುವನ್ನೇ ಅಳೆಯುವ ಪುಟ್ಟ ಯಂತ್ರವೊಂದನ್ನು ತರಿಸಿದನು. ಹೊರಗಿನ ಗಾಳಿಯಲ್ಲಿ ಹತ್ತು ಲಕ್ಷ ಪಾಲಿಗೆ 420ಕ್ಕೆ ಸ್ವಲ್ಪ ಮೇಲೆ. ನಡುಮನೆಯಲ್ಲಿ 1100. ಬಾಣಂತಿಯ ಕೋಣೆಯಲ್ಲಿ ಬೆಳಗಿನ ಜಾವ 5 ಗಂಟೆಗೆ 1900! ತೊಟ್ಟಿಯ ವಿಚಾರವು ಆ ಕ್ಷಣದಲ್ಲಿಯೇ ಹಿಂದಾಯಿತು. ಸೊಸೆಯು ಬೆಳಿಗ್ಗೆ ತಲೆ ಭಾರವೆಂದು ಕೆಲವು ವಾರಗಳಿಂದ ಹೇಳುತ್ತಲೇ ಇದ್ದಳು. ನಿದ್ರೆಗೇಡಿನಿಂದಿರಬಹುದೆಂದು ಎಲ್ಲರೂ ಭಾವಿಸಿದ್ದೆವು. (ಇಂಗಾಲದ ಮಾನಾಕ್ಸೈಡ್ ಎಂಬ ಘೋರವಾದ ವಿಷವಾಯುವು ಬೇರೆ. ಅದಕ್ಕೆ ಆ ಮನೆಯಲ್ಲಿ ಪ್ರತ್ಯೇಕವಾದ ಎಚ್ಚರಗಂಟೆಗಳಿದ್ದುವು. ಅವುಗಳು ಸುಸ್ಥಿತಿಯಲ್ಲಿರುವುದನ್ನು ಮಗನು ಅದೇ ದಿನ ಪರೀಕ್ಷಿಸಿದನು. ಚಳಿಯ ದೇಶದಲ್ಲಿ ಮಕ್ಕಳನ್ನುಳ್ಳ ವಾಚಕರು ಇವೆರಡನ್ನೂ ಒಂದೆಂದು ತಿಳಿಯಬಾರದು.)

ಕೋಣೆಯನ್ನು ಅಷ್ಟು ಭದ್ರವಾಗಿ ಮುಚ್ಚಿಸಿದ್ದವರು ನಮ್ಮ ಗೃಹಿಣಿ. ಬಾಣಂತಿಗೂ ಹಸುಗೂಸಿಗೂ ಗಾಳಿ ತಗುಲಬಾರದೆಂಬುದು ಅವರ ತಾಯಿಯ ಕಾಲದಿಂದ ಬಂದ ಕಟ್ಟಳೆ. ಬಾಗಿಲಿನ ಕೆಳಗಿನ ಸಂದಿಗೆ ಸಹ ಹಳೆಯ ಸೀರೆಯನ್ನು ಸುತ್ತಿ ತುರುಕಿದ್ದರು. ಕಿಟಕಿಯನ್ನು ಬೆರಳಗಲ ತೆರೆಯೋಣವೆಂದು ನಾವು ಹೇಳಿದಾಗ, "ಬಾಣಂತಿಗೆ ಶೀತ ಹತ್ತಿದರೆ ನಿಮ್ಮ ಮೀಟರು ಬಂದು ಕಷಾಯ ಕಾಯಿಸುತ್ತದೆಯೇ?" ಎಂದು ಕೇಳಿದರು. ಈ ಮಾತನ್ನು ನಗೆಯಲ್ಲಿ ತೇಲಿಸುವುದು ನ್ಯಾಯವಲ್ಲ. ಮೈಸೂರಿನ ಹೆಂಚಿನ ಮನೆಯಲ್ಲಿ ಕಿಟಕಿಯನ್ನೆಲ್ಲ ಮುಚ್ಚಿದರೂ ಹೆಂಚಿನ ಸಂದು, ಬೆಳಕಿಂಡಿ, ಹಿತ್ತಲ ಬಾಗಿಲು, ಇವುಗಳಿಂದ ಗಾಳಿಯು ಆಡುತ್ತಲೇ ಇರುವುದು. ಅಲ್ಲಿ ಹುಟ್ಟಿದ ಕಟ್ಟಳೆಯು ಅಲ್ಲಿಗೆ ಸರಿಯೇ. ಚಳಿಯು ನುಸುಳದಂತೆ ಗೋಡೆಯ ಒಳಗೆಲ್ಲ ಮೆತ್ತೆ ತುಂಬಿ ಕಟ್ಟಿದ ಮಿಷಿಗನ್ನಿನ ಮನೆಗೆ ಅದೇ ಕಟ್ಟಳೆಯು ಬಂದಾಗ ಕೋಣೆಯು ಕುಪ್ಪಿಯಾಯಿತು. ಸೊಸೆಯೇ ಕಡೆಗೆ ಮೆಲ್ಲನೆ, "ಅತ್ತೆ, ಕಿಟಕಿ ಬೇಡ. ಕೆಳಗೆ ಗಾಳಿಯ ಮಿಷನ್ನೊಂದು ಸುಮ್ಮನೆ ನಿಂತಿದೆಯಲ್ಲ, ಅದನ್ನು ಸರಿಮಾಡಿಸಿದರೆ ಆಗದೇ?" ಎಂದಳು. ಹೊರಹೋಗುವ ಗಾಳಿಯ ಬಿಸಿಯನ್ನು ಒಳಬರುವ ಗಾಳಿಗೆ ದಾಟಿಸಿ, ಮನೆಯ ಗಾಳಿಯನ್ನು ಬದಲಿಸುವ ಯಂತ್ರವೊಂದು ನೆಲಮಾಳಿಗೆಯಲ್ಲಿ, ಸೋಸುವ ಬಟ್ಟೆಗೆ ಧೂಳು ಕಟ್ಟಿ, ಕೆಲಸವಿಲ್ಲದೆ ಬಿದ್ದಿತ್ತು. ಬಟ್ಟೆ ಬದಲಾಯಿಸಿ ಅದನ್ನು ನಡೆಸಿದರು. ಬಾಗಿಲ ಸಂದಿಯ ಸೀರೆಯೂ ಹೊರಬಂದಿತು. ನಾಲ್ಕೇ ದಿನಗಳಲ್ಲಿ ಕೋಣೆಯ ಅಂಕವು 800ಕ್ಕೆ ಇಳಿಯಿತು. ಕೋಣೆ ತಣ್ಣಗಾಗಲಿಲ್ಲವೆಂಬುದನ್ನು ಗೃಹಿಣಿಯು ತಮ್ಮ ಅಂಗೈಯಿಂದಲೇ ಗೋಡೆಯನ್ನು ಮುಟ್ಟಿ ನೋಡಿ ಒಪ್ಪಿದರು. ತಲೆಯ ಭಾರ ಕಡಮೆಯಾಯಿತೆಂದು ಸೊಸೆಯು ಹೇಳಿದಳು. ಗಾಳಿಯಿಂದಲೋ, ಮಗುವು ಅದೇ ವಾರ ರಾತ್ರಿ ನಿದ್ರಿಸಲು ಕಲಿತುದರಿಂದಲೋ, ಯಾರು ಬಲ್ಲರು!

ತೊಟ್ಟಿಗೆ ಬೇಕಾದ ಉಪಾಯಗಳು ಅನಂತರ ಸುಲಭವಾದವು. ನೊರೆಯ ಯಂತ್ರದ ಗಾಳಿಕೊಳವೆಯನ್ನು ಗೋಡೆಯ ರಂಧ್ರದ ಮೂಲಕ ಹೊರಕ್ಕೆ ಒಯ್ದರು. ತೊಟ್ಟಿಯ ಕೆಳಗಿನ ಸಣ್ಣ ಪಾತ್ರೆಯಲ್ಲಿ ಹಸಿರು ಪಾಚಿಯ ಗಂಟೊಂದನ್ನಿಟ್ಟು, ಮೇಲಿನ ದೀಪವಾರಿದಾಗ ಅಲ್ಲಿ ದೀಪ ಹೊತ್ತುವಂತೆ ಮಾಡಿದರು. ಮೇಲೆ ಇರುಳಾದಾಗ ಕೆಳಗೆ ಹಗಲು, ಹೀರುವ ಕೆಲಸ ಪೂರ್ತಿ ನಿಲ್ಲುವುದಿಲ್ಲ. ಮೂರನೆಯದು ನಮಗೆ ಬಹು ಪ್ರಿಯವಾದುದು: ಸುಣ್ಣದ ತಿಳಿನೀರು. ಆವಿಯಾಗಿ ಹೋದ ನೀರಿಗೆ ಬದಲಾಗಿ ಇದನ್ನು ರಾತ್ರಿಯ ಹೊತ್ತು ತೊಟ್ಟುತೊಟ್ಟಾಗಿ ಬಿಡುವುದು. ಜರ್ಮನರು ಇದನ್ನು ಕಾಲ್ಕ್‌ವಾಸರ್ ಎನ್ನುವರು; ಆ ಮಾತಿಗೂ ಸುಣ್ಣದ ನೀರೆಂದೇ ಅರ್ಥ. ಲೀಟರಿಗೆ ಎರಡು ಗ್ರಾಮಿಗೂ ಕಡಮೆ ಸುಣ್ಣ ಮಾತ್ರ ಕರಗುವುದಾದರೂ, ಅದರ ಪಿಎಚ್ 12ನ್ನು ಮೀರಿರುವುದರಿಂದ ಒಮ್ಮೆಗೇ ಸುರಿದರೆ ಅನಾಹುತವಾದೀತು. ಅದು ರಾತ್ರಿ ಕೂಡುವ ಅಂಗಾರಾಮ್ಲವನ್ನು ಹಿಡಿದುಕೊಳ್ಳುವುದಲ್ಲದೆ, ಹವಳಕ್ಕೆ ಎಲುಬು ಕಟ್ಟಲು ಬೇಕಾದ ಸಾಮಗ್ರಿಯನ್ನೂ ಒದಗಿಸುವುದು. ಏಕೆಂದರೆ ಹವಳದ ಎಲುಬೂ ನಮ್ಮ ಕರಾವಳಿಯಲ್ಲಿ ಸುಟ್ಟು ಸುಣ್ಣ ಮಾಡುತ್ತಿದ್ದ ಚಿಪ್ಪೂ ಒಂದೇ ದ್ರವ್ಯ. ಎಲೆಯಡಿಕೆಯ ಅಭ್ಯಾಸವುಳ್ಳ ನಮಗೆ ಈ ಕೆಲಸವನ್ನು ಯಾರೂ ಕಲಿಸಬೇಕಾಗಲಿಲ್ಲ. ಆದರೆ ತಾಂಬೂಲದ ಡಬ್ಬಿಯ ಸುಣ್ಣವು ಇದಕ್ಕೆ ಸಲ್ಲದು, ಶುದ್ಧವಾದುದೇ ಬೇಕು.

ಇಷ್ಟು ಬರೆದ ಮೇಲೆ ಸಮುದ್ರದ ಮಾತನ್ನು ಬಿಡಲಾಗುವುದಿಲ್ಲ. ಹವಾಯಿ ದ್ವೀಪದ ಮೌನಾ ಲೋವಾ ಪರ್ವತದ ಮೇಲೆ 1958ರಲ್ಲಿ ಕೀಲಿಂಗ್ ಎಂಬ ವಿಜ್ಞಾನಿಯು ಈ ವಾಯುವನ್ನು ಅಳೆಯಲು ತೊಡಗಿದಾಗ ಅದು ಸುಮಾರು 315 ಇತ್ತು. ಕಲ್ಲಿದ್ದಲಿನ ಯಂತ್ರಗಳ ಯುಗಕ್ಕೆ ಮುಂಚೆ 280ರಷ್ಟಿತ್ತು. ಈಗ 420ನ್ನು ದಾಟಿದೆ. ಅದರಲ್ಲೊಂದು ಪಾಲನ್ನು ಕಡಲು ಹೀರಿಕೊಂಡು, ಮೇಲ್ಭಾಗದ ನೀರಿನ ಪಿಎಚ್ 8.2ರಿಂದ ಸುಮಾರು 8.1ಕ್ಕೆ ಇಳಿದಿದೆ. ಆ ಒಂದು ದಶಾಂಶಕ್ಕೆ ಆಮ್ಲತ್ವವು ನೂರಕ್ಕೆ ಮೂವತ್ತರಷ್ಟು ಏರಿದಂತಾಯಿತು. ನಮ್ಮ ತೊಟ್ಟಿಗೆ ಹೊರಗಿನ ಗಾಳಿಯಿಂದ ಉಪಶಮನವು ದೊರಕಿತು. ಸಮುದ್ರಕ್ಕೆ ಹೊರಗಿನ ಗಾಳಿಯೆಂಬುದು ಬೇರೊಂದಿಲ್ಲ.

ಏಪ್ರಿಲ್ ಮೊದಲಿನಲ್ಲಿ ನಾವು ಊರಿಗೆ ಹೊರಡುವಾಗ ಸುತ್ತಿಗೆ ಹವಳದ ಕುಗ್ಗಿದ ಎರಡು ತಲೆಗಳಲ್ಲಿ ಒಂದು ಸತ್ತುಹೋಗಿತ್ತು. ಇನ್ನೊಂದರ ಬುಡದಿಂದ ಕಡಲೆಯಷ್ಟು ದಪ್ಪದ ಎರಡು ಎಳೆಯ ತಲೆಗಳು ಹೊರಟಿದ್ದುವು. ಮೊದಲು ಕಂಡವಳು ಸೊಸೆ. "ಮಾವ, ಬೇಗ ಬನ್ನಿ" ಎಂದು ಕೂಗಿ ಕರೆದಳು. ನೋಟ್‌ಬುಕ್ಕನ್ನು ಅಲ್ಲಿಯೇ ಬಿಟ್ಟುಬಂದೆವು. ಮಗನು ಭಾನುವಾರ ದೂರವಾಣಿಯಲ್ಲಿ ಮಾತನಾಡುವಾಗ ವಾರದ ಅಂಕಗಳನ್ನು ಓದಿ ಹೇಳುವುದುಂಟು. ಕಳೆದ ಭಾನುವಾರದ ಲೆಕ್ಕ: ಬೆಳಿಗ್ಗೆ 8.01, ರಾತ್ರಿ 8.27, ಕಿಟಕಿಗಳೆಲ್ಲ ತೆರೆದಿವೆ, ಮಗುವಿಗೆ ಎರಡು ಹಲ್ಲು ಬಂದಿವೆ.